ಬೇರಿಗೆ ತಾಗಬೇಕಾ?

"ಇದು ಬೇರಿಗೆ ತಾಗಬೇಕಾ?" ಈ ವಾರ ಉಡುಪಿಯ ಒಂದು ನರ್ಸರಿಯಲ್ಲಿ ಒಳ್ಳೆಮೆಣಸಿನ ಬಳ್ಳಿ ಕೊಳ್ಳಲು ಬಂದಿದ್ದ ಹೆಂಗಸೊಬ್ಬರು ಮೈಕೊರೈಜಾ, ಅಂದರೆ ಬೇರಿನೊಡನೆ ಸೇರಿ ಬದುಕುವ ಶಿಲೀಂಧ್ರದ, ತೊಟ್ಟೆ ಹಿಡಿದು ಕೇಳಿದರು. "ಅಷ್ಟೆಲ್ಲ ತಲೆಬಿಸಿ ಬೇಡ ಅಕ್ಕ. ಬುಡಕ್ಕೆ ಉದುರಿಸಿ, ಮೇಲಿಂದ ಒಂದು ಮುಷ್ಟಿ ಡಿಎಪಿ ಗೊಬ್ಬರ ಹಾಕಿ, ಆಯ್ತು" ಎಂದ ಮಾರುವವ. ಒಂದೇ ಉಸಿರಿಗೆ ಎರಡು ತಪ್ಪು. ಮನುಷ್ಯ ಸಂಭಾವಿತನೇ, ಆದರೆ ತಾನು ಮಾರುವುದು ಜೀವಂತ ವಸ್ತು ಎಂಬ ಅರಿವಿಲ್ಲ.

ಬೇರಿಗೆ ತಾಗಲೇಬೇಕು. ಶಿಲೀಂಧ್ರದ ಬೀಜಕ (ಬೀಜದಂಥ ಸೂಕ್ಷ್ಮ ಕಣ) ಮೊಳೆತರೂ ಬೇರು ಸಿಗದಿದ್ದರೆ ಅದರ ಎಳೆ ಸ್ವಲ್ಪ ಚಾಚಿ ಸಾಯುತ್ತದೆ. ಪ್ರಯೋಗಾಲಯದವರು ಇದನ್ನು ರಾಗಿ, ಜೋಳದ ಕುಂಡಗಳಲ್ಲಿ ಸಾಕುವುದೂ ಅದಕ್ಕೇ.

ಆ ಹೆಂಗಸು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಬಾರ್ಬರಾ ಮಾಸ್ ಎಂಬ ವಿಜ್ಞಾನಿಯ ವೃತ್ತಿಜೀವನದ ಬಹುಪಾಲು ಇದರ ಸುತ್ತಲೇ ನಡೆಯಿತು. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಲ್ಲಿ ಸ್ಟ್ರಾಬೆರಿ ಬೇರಿಗೆ ಅಂಟಿದ ಬೀಜಕಗಳ ಗೊಂಚಲನ್ನು ಅವರು 1953ರಲ್ಲಿ ವರದಿ ಮಾಡಿದರು. ಮುಂದೆ ಅಲ್ಲಿನದೇ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಶಿಲೀಂಧ್ರ ಗಿಡಕ್ಕೆ ತಂದುಕೊಡುವ ರಂಜಕದ (ಫಾಸ್ಫರಸ್) ಲೆಕ್ಕಾಚಾರಕ್ಕಿಳಿದರು. ನಮ್ಮಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಡಿ.ಜೆ. ಬಾಗ್ಯರಾಜ್ ಯಾವ ಗಿಡಕ್ಕೆ ಯಾವ ಶಿಲೀಂಧ್ರ ಚೆನ್ನಾಗಿ ಹೊಂದುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿದರು.

ಶಿಲೀಂಧ್ರ ಬೇರಿನೊಳಗೆ ಸೇರಿದೆಯೇ ಎಂದು ಎಲೆ ನೋಡಿ ಹೇಳಲಾಗದು. ಎಳೆ ಬೇರನ್ನು ತೊಳೆದು ಒಂದು ಸೆಂಟಿಮೀಟರ್ ತುಂಡು ಮಾಡಿ, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ 90 ಡಿಗ್ರಿ ಬಿಸಿಗಿಡಬೇಕು. ಬೇರು ಪಾರದರ್ಶಕವಾದ ಮೇಲೆ ತೊಳೆದು, ದುರ್ಬಲ ಆಮ್ಲದಲ್ಲಿ ಅದ್ದಿ, ಟ್ರಿಪಾನ್ ಬ್ಲೂ ಎಂಬ ನೀಲಿ ಬಣ್ಣ ಹಾಕಬೇಕು. ಆಮ್ಲ ಮರೆತರೆ ಬಣ್ಣ ಸರಿಯಾಗಿ ಹಿಡಿಯದು. ಸೂಕ್ಷ್ಮದರ್ಶಕದಡಿ ಬೇರಿನ ಕೋಶದೊಳಗೆ ಕವಲೊಡೆದ ನೀಲಿ ಪೊದೆ ಕಂಡರೆ ಸಂಬಂಧ ಕುದುರಿದೆ ಎಂದರ್ಥ. ಒಂದೊಂದು ಪೊದೆಯ ಆಯಸ್ಸು ಕೆಲವೇ ದಿನ.

ಇನ್ನು ಡಿಎಪಿ, ಅಂದರೆ ರಂಜಕವಿರುವ ಗೊಬ್ಬರ. ನಮ್ಮ ಮುರಕಲ್ಲಿನ ಹುಳಿಮಣ್ಣಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ರಂಜಕವನ್ನು ಬಿಗಿಹಿಡಿಯುತ್ತವೆ. ಬೇರಿನ ರೋಮ ಮುಟ್ಟದ ಜಾಗಕ್ಕೆ ಶಿಲೀಂಧ್ರದ ಎಳೆ ಹೋಗಿ ಅದನ್ನು ತರುತ್ತದೆ, ಗಿಡ ಪ್ರತಿಯಾಗಿ ಸಕ್ಕರೆ, ಕೊಬ್ಬು ಕೊಡುತ್ತದೆ. ಬುಡದಲ್ಲೇ ರಂಜಕ ಸುರಿದರೆ ಗಿಡಕ್ಕೆ ಈ ನಂಟೇ ಬೇಡ, ಒಳಗೆ ಬಿಟ್ಟುಕೊಳ್ಳುವುದು ತೀರಾ ಕಡಿಮೆಯಾಗುತ್ತದೆ. ಕೊಟ್ಟ ದುಡ್ಡು ದಂಡ.

ಆ ಅಕ್ಕನಿಗೆ ಸಿಗಬೇಕಿದ್ದ ಉತ್ತರ ಇಷ್ಟು: ಬಳ್ಳಿಯ ತುಂಡು ನೆಡುವ ಮೊದಲೇ ಕುಂಡದ ಮಿಶ್ರಣದ ಕಿಲೋಗೆ ಸುಮಾರು 100 ಸಿಸಿ (ಮಿಲಿಲೀಟರ್) ಮೈಕೊರೈಜಾ ಬೆರೆಸಬೇಕು. ಬೆಳೆದ ಬಳ್ಳಿಯಾದರೆ ನೆಡುವ ಗುಂಡಿಯಲ್ಲಿ ಬೇರಿನ ಕೆಳಗೆ ಹಾಕಬೇಕು. ತೊಟ್ಟೆಯನ್ನು ಬಿಸಿಲಿಗಿಡಬಾರದು. ಅದರ ಬೆನ್ನಿಗೇ ಮಣ್ಣಿಗೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಸುರಿಯಬಾರದು. ಹಿತ್ತಲಲ್ಲಿ ಸಾಸಿವೆ, ಎಲೆಕೋಸು ಇದ್ದರೆ ಅವಕ್ಕೆ ಹಾಕಿ ಪ್ರಯೋಜನವಿಲ್ಲ, ಆ ಕುಟುಂಬದ ಗಿಡಗಳು ಈ ಶಿಲೀಂಧ್ರವನ್ನು ಸೇರಿಸಿಕೊಳ್ಳುವುದಿಲ್ಲ.