ಗಂಟೆಯಾಕಾರದ ಬೆಟ್ಟ ಬಳ್ಳಾರಿಗೆ ಒಗ್ಗುವುದಿಲ್ಲ

ಕಂಪ್ಯೂಟರಿನ ಹವಾಮಾನ ಮಾದರಿಯಲ್ಲಿ ಬೆಟ್ಟ ಕೂಡಿಸಬೇಕು ಅಂದಕೂಡಲೇ ಎಲ್ಲರೂ ಉಪಗ್ರಹದ ಎತ್ತರದ ದತ್ತಾಂಶ ಹುಡುಕಲು ಹೊರಡುತ್ತಾರೆ. ಮೊದಲ ಪ್ರಯೋಗಕ್ಕೆ ಅದು ಬೇಡ. ಸಂಡೂರಿನ ಗುಡ್ಡಗಳನ್ನು ಇದ್ದ ಹಾಗೆಯೇ ತುಂಬಿದರೆ ಯಾವುದು ಗಾಳಿಯ ಅಲೆ, ಯಾವುದು ಕೋಡಿನ ತಪ್ಪು ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಸೂತ್ರದಿಂದ ಹುಟ್ಟಿದ ಬೆಟ್ಟವಾದರೆ, ಕಾಗದದ ಮೇಲೆ ಬಿಡಿಸಿದ ಉತ್ತರ ಪಕ್ಕದಲ್ಲೇ ಇರುತ್ತದೆ.

ಹೆಚ್ಚು ಬಳಕೆಯಲ್ಲಿರುವ, ಗಂಟೆಯಾಕಾರದ ಬೆಟ್ಟ ಕೊಡುವ ಸೂತ್ರ ಇದು: ಎತ್ತರ = ಶಿಖರ ÷ (1 + (ದೂರ ÷ ಅರೆಯಗಲ)²). ಶಿಖರದಿಂದ ಅರೆಯಗಲದಷ್ಟು ಸರಿದರೆ ಎತ್ತರ ಅರ್ಧವಾಗುತ್ತದೆ. ಅತಿ ಕಡಿದಾದ ಜಾಗದಲ್ಲಿ ಇಳಿಜಾರು 0.65 × ಶಿಖರ ÷ ಅರೆಯಗಲ. ಶಿಖರ 1000 ಮೀಟರ್, ಅರೆಯಗಲ 10 ಕಿ.ಮೀ. ಇದ್ದರೆ ಕಿಲೋಮೀಟರಿಗೆ 65 ಮೀಟರ್. ಗ್ರಿಡ್ (ಮಾದರಿ ಲೆಕ್ಕ ಹಾಕುವ ಬಿಂದುಗಳ ನಡುವಿನ ಅಂತರ) 2 ಕಿ.ಮೀ. ಅಂದರೆ ಅಕ್ಕಪಕ್ಕದ ಎರಡು ಬಿಂದುಗಳ ನಡುವೆ ಸುಮಾರು 130 ಮೀಟರ್ ಏರಿಳಿತ. ನೆಲಕ್ಕೆ ಅಂಟಿದ ಮೊದಲ ಪದರ 50 ಮೀಟರ್ ದಪ್ಪವಿದ್ದರೆ ಇದು ಜಾಸ್ತಿಯಾಯಿತು. ಅರೆಯಗಲಕ್ಕೆ ಕನಿಷ್ಠ ಐದಾರು ಗ್ರಿಡ್ ಬಿಂದುಗಳಾದರೂ ಸಿಗಬೇಕು.

ಡಬ್ಲ್ಯುಆರ್‌ಎಫ್ ಎಂಬ ಹವಾಮಾನ ಮಾದರಿಯ ಎರಡು ಆಯಾಮದ ಬೆಟ್ಟದ ಉದಾಹರಣೆಯಲ್ಲಿ ಇದೇ ಸೂತ್ರವಿದೆ: ಶಿಖರ 100 ಮೀಟರ್, ಅರೆಯಗಲ 5. ಈ 5 ಕಿಲೋಮೀಟರ್ ಅಲ್ಲ, ಗ್ರಿಡ್ ಬಿಂದುಗಳ ಲೆಕ್ಕ. 2 ಕಿ.ಮೀ. ಗ್ರಿಡ್‌ನಲ್ಲಿ 10 ಕಿ.ಮೀ. ಆಗುವ ಬೆಟ್ಟ, ಗ್ರಿಡ್ ಅನ್ನು 1 ಕಿ.ಮೀ.ಗೆ ಇಳಿಸಿದ ಕೂಡಲೇ 5 ಕಿ.ಮೀ.ಗೆ ಕುಗ್ಗುತ್ತದೆ. ಸೂಕ್ಷ್ಮತೆ ಹೆಚ್ಚಿಸಿದ್ದಕ್ಕೆ ಫಲಿತಾಂಶ ಬದಲಾಯಿತು ಎಂದುಕೊಂಡರೆ ಕೆಟ್ಟಿರಿ, ಬದಲಾದದ್ದು ಬೆಟ್ಟವೇ. ದೂರವನ್ನು ಮೀಟರಿನಲ್ಲಿ ಬರೆದು, ಕೋಡ್ ಮತ್ತೆ ಕಂಪೈಲ್ ಮಾಡಿ, ಆರಂಭಿಕ ಸ್ಥಿತಿ ಹುಟ್ಟಿಸುವ ಪ್ರೋಗ್ರಾಂ ಅನ್ನು ಮತ್ತೆ ಓಡಿಸಿ. ಈ ಕೊನೆಯದನ್ನು ಮರೆತರೆ ಹಳೆಯ ಬೆಟ್ಟವೇ ಓಡುತ್ತಿರುತ್ತದೆ.

ಎತ್ತರ ಬದಲಿಸಿದರಷ್ಟೇ ಸಾಲದು, ಅದರ ಮೇಲಿನ ಒತ್ತಡವೂ ಹೊಂದಬೇಕು. 288 ಕೆಲ್ವಿನ್ ಸಮತಾಪದ ಗಾಳಿಯಲ್ಲಿ, ಕೆಳಗೆ 1000 ಹೆಕ್ಟೊಪ್ಯಾಸ್ಕಲ್ ಇದ್ದರೆ 500 ಮೀಟರ್ ಮೇಲೆ ಸುಮಾರು 942. ನೆಲ ಎತ್ತರಿಸಿ ಒತ್ತಡವನ್ನು 1000ಕ್ಕೇ ಬಿಟ್ಟರೆ ಮೊದಲ ಹೆಜ್ಜೆಯಲ್ಲೇ ಬೆಟ್ಟದ ಮೇಲಿನಿಂದ ಗಾಳಿ ಸಿಡಿದು ನಾಲ್ಕೂ ಕಡೆ ಓಡುತ್ತದೆ.

ಇದನ್ನು ಹಿಡಿಯುವ ಪರೀಕ್ಷೆ ಸುಲಭ. ಗಾಳಿಯ ವೇಗ ಸೊನ್ನೆ ಇಟ್ಟು ಮಾದರಿಯನ್ನು ಒಂದು ದಿನ ಓಡಿಸಿ. ಸುಮ್ಮನೆ ನಿಂತ ಗಾಳಿ ನಿಂತೇ ಇರಬೇಕು. ಬೆಟ್ಟದ ಪಕ್ಕ ಏನು ಬೀಸಿದರೂ ಅದು ಆರಂಭದ ಒತ್ತಡ ಹೊಂದದೆ ಆದದ್ದು, ಇಲ್ಲವೇ ಒತ್ತಡದ ಇಳಿಜಾರನ್ನು ಬಾಗಿದ ಪದರಗಳ ಮೇಲೆ ಲೆಕ್ಕ ಹಾಕುವಾಗ ಆದ ದೋಷ. ಇದನ್ನು ಮಾಡದೆ ಮುಂದೆ ಹೋಗುವವರೇ ಹೆಚ್ಚು.

ಆಮೇಲೆ ಎರಡನೇ ಪರೀಕ್ಷೆ: 10 ಮೀಟರ್ ಬೆಟ್ಟ, ಸೆಕೆಂಡಿಗೆ 10 ಮೀಟರ್ ಗಾಳಿ, ಸ್ಥಿರತೆಯ ಆವರ್ತನ (ಮೇಲೆತ್ತಿದ ಗಾಳಿ ಎಷ್ಟು ಬೇಗ ಮೇಲೆ ಕೆಳಗೆ ತೂಗುತ್ತದೆ ಎಂಬ ಅಳತೆ) ಸೆಕೆಂಡಿಗೆ 0.01. ಬೆಟ್ಟ ಗಾಳಿಯನ್ನು ಎಳೆಯುವ ಬಲ ಪೈ ÷ 4 × ಸಾಂದ್ರತೆ × ಆವರ್ತನ × ವೇಗ × ಶಿಖರ². ಸಾಂದ್ರತೆ 1 ಎಂದುಕೊಂಡರೆ ಮೀಟರಿಗೆ 7.85 ನ್ಯೂಟನ್, ಮಾದರಿಯ ಉತ್ತರ ಇದಕ್ಕೆ ಹೊಂದಬೇಕು. ಅಲೆಯ ಲಂಬ ಉದ್ದ 6.3 ಕಿ.ಮೀ., ಹಾಗಾಗಿ ಮಾದರಿಯ ಮೇಲ್ಭಾಗದಲ್ಲಿ ಅಲೆಯನ್ನು ಹೀರುವ ಪದರ ಕನಿಷ್ಠ ಅಷ್ಟಾದರೂ ದಪ್ಪವಿರಲಿ. ಇಲ್ಲವಾದರೆ ಅಲೆ ಮೇಲಿನ ಗಡಿಗೆ ಬಡಿದು ಹಿಂದಿರುಗಿ ಈ ಸಂಖ್ಯೆಯನ್ನು ಕೆಡಿಸುತ್ತದೆ.

ಇಷ್ಟಾದ ಮೇಲೆ ನಮ್ಮ ಸೀಮೆಗೆ ಬನ್ನಿ. ಮುಂಗಾರಿನ ಪಡುವಣ ಗಾಳಿಗೆ ಎದುರಾಗುವುದು ಎರಡೂ ಬದಿ ಒಂದೇ ಸಮ ಇಳಿಯುವ ಗಂಟೆಯಲ್ಲ. ಪಶ್ಚಿಮ ಘಟ್ಟ ಕಡಲ ಕಡೆ ಕಡಿದು, ಒಳಗೆ ಪ್ರಸ್ಥಭೂಮಿ. ಬಳ್ಳಾರಿ ಆ ಪ್ರಸ್ಥಭೂಮಿಯ ಮೇಲೆ ಸುಮಾರು 500 ಮೀಟರ್ ಎತ್ತರದಲ್ಲಿ, ಮಳೆನೆರಳಿನಲ್ಲಿ ಕೂತಿದೆ. ಗಂಟೆಯ ಬೆಟ್ಟ ಇಟ್ಟರೆ ಗಾಳಿ ಮತ್ತೆ ಕಡಲಮಟ್ಟಕ್ಕೆ ಇಳಿದು, ಬೇಕಾದ್ದಕ್ಕಿಂತ ಹೆಚ್ಚು ಬಿಸಿಯಾಗಿ, ಮಳೆನೆರಳು ಉತ್ಪ್ರೇಕ್ಷೆಯಾಗುತ್ತದೆ. ಅದಕ್ಕೆ ಎರಡು ತುಂಡು: ಪಶ್ಚಿಮಕ್ಕೆ 900 ÷ (1 + (ದೂರ ÷ 10)²), ಪೂರ್ವಕ್ಕೆ 500 + 400 ÷ (1 + (ದೂರ ÷ 50)²). ಇಲ್ಲಿ ದೂರ ಕಿ.ಮೀ.ನಲ್ಲಿ, ಎತ್ತರ ಮೀಟರಿನಲ್ಲಿ.

ಶಿಖರದಲ್ಲಿ ಎರಡೂ ಕಡೆ ಇಳಿಜಾರು ಸೊನ್ನೆ, ಆದ್ದರಿಂದ ಬಿರುಕು ಕಾಣುವುದಿಲ್ಲ. ಆದರೆ ಬಾಗು ಪಶ್ಚಿಮದಲ್ಲಿ ಪೂರ್ವಕ್ಕಿಂತ ಐವತ್ತು ಪಟ್ಟಿಗೂ ಹೆಚ್ಚು, ಅಲ್ಲಿ ಲೆಕ್ಕದಲ್ಲಿ ಸಣ್ಣ ಗದ್ದಲ (ಸುಳ್ಳು ಏರಿಳಿತ) ಏಳುತ್ತದೆ. ಪ್ರತಿ ಬಿಂದುವಿನ ಎತ್ತರಕ್ಕೆ ಅರ್ಧ, ಅದರ ಎರಡೂ ಪಕ್ಕದ ಬಿಂದುಗಳಿಗೆ ಕಾಲು ಕಾಲು ತೂಕ ಕೊಟ್ಟು ಒಮ್ಮೆ ನಯಮಾಡಿದರೆ ತಗ್ಗುತ್ತದೆ, 2 ಕಿ.ಮೀ. ಗ್ರಿಡ್‌ನಲ್ಲಿ ಶಿಖರ 900ರಿಂದ ಸುಮಾರು 891ಕ್ಕೆ ಇಳಿಯುವುದು ಅದರ ಬೆಲೆ. ಹತ್ತಾರು ಸಲ ನಯಮಾಡಿ ಎತ್ತರ ಕಳೆದುಕೊಳ್ಳಬೇಡಿ.

ಪೂರ್ವದಂಚಿನಲ್ಲಿ ಇನ್ನೊಂದು ತೊಡಕು ಇದೆ. ಆವರ್ತಕ ಗಡಿ (ಪೂರ್ವದಂಚು ಪಶ್ಚಿಮದಂಚಿಗೆ ಕೂಡಿಕೊಳ್ಳುವ ಏರ್ಪಾಡು) ಇಟ್ಟಿದ್ದರೆ 500 ಮೀಟರ್ ಪ್ರಸ್ಥಭೂಮಿ ಪಡುವಣ ಕಡಲಿಗೆ ಅಂಟಿಕೊಂಡು ಗೋಡೆಯಾಗುತ್ತದೆ, ಕೆಲವೇ ಹೆಜ್ಜೆಗಳಲ್ಲಿ ಮಾದರಿ ಸಿಡಿಯುತ್ತದೆ. ಕೊನೆಯ 200 ಕಿ.ಮೀ.ನಲ್ಲಿ ನೆಲವನ್ನು ಅರ್ಧ ಕೊಸೈನ್ ತರಂಗದಂತೆ ಸೊನ್ನೆಗೆ ಇಳಿಸಿ. ನಿಜದಲ್ಲೂ ನೆಲ ಬಂಗಾಳ ಕೊಲ್ಲಿಯತ್ತ ಇಳಿಯುತ್ತದಲ್ಲ.

ಸಂಡೂರಿನ ಸಾಲು ವಾಯವ್ಯದಿಂದ ಆಗ್ನೇಯಕ್ಕೆ ಹಬ್ಬಿದೆ, ಪಡುವಣ ಗಾಳಿಗೆ ಓರೆಯಾಗಿ. ಕೋನ 45 ಡಿಗ್ರಿ ಎಂದು ಹಿಡಿದರೆ ಸಾಲನ್ನು ದಾಟುವ ವೇಗ ಹತ್ತರಲ್ಲಿ ಏಳು ಮಾತ್ರ. ಹಾಗಾಗಿ ಎರಡು ಆಯಾಮ ಸಾಕಾಗದು. ಮೂರರಲ್ಲಿ, ಸಾಲಿಗೆ ಲಂಬವಾದ ದೂರವನ್ನೇ ಸೂತ್ರಕ್ಕೆ ಕೊಡಿ. ಬಳ್ಳಾರಿ ಕೋಟೆಯ ಗುಡ್ಡ? 2 ಕಿ.ಮೀ. ಗ್ರಿಡ್‌ಗೆ ಅದು ಇಲ್ಲವೇ ಇಲ್ಲ, ಸುಮ್ಮನೆ ಬಿಡಿ.