ಲದ್ದಿ ಹಾಕದ ಕುದುರೆ

ಹೋದ ಭಾನುವಾರ ಮಧ್ಯಾಹ್ನ ಜೋರು ಮಳೆ. ಮಗಳಿಗೆ ಹೊರಗೆ ಹೋಗಿ ಆಡುವ ಹಾಗಿಲ್ಲ. ‘ಕುದುರೆ ಇರೋ ಸಿನಿಮಾ ಹಾಕಮ್ಮ’ ಅಂತ ಒಂದೇ ಹಟ. ಹುಡುಕಿ ಹುಡುಕಿ ‘ದಿ ಸೀಕ್ರೆಟ್ ಆಫ್ ಮೂನೇಕರ್’ ಹಾಕಿದೆ. 2008ರ ಇಂಗ್ಲಿಷ್ ಸಿನಿಮಾ. ಅಪ್ಪ ಪಕ್ಕದ ಕುರ್ಚಿಯಲ್ಲಿ ಅವರೇಕಾಯಿ ಬಿಡಿಸುತ್ತಾ ಕೂತಿದ್ದರು. ಅಲ್ಲೇ ನಾನು ತಪ್ಪು ಮಾಡಿದ್ದು.

ಯಾಕೆ ಅಂದರೆ ನಮ್ಮಪ್ಪ 22 ವರ್ಷ ಮೈಸೂರಲ್ಲಿ ಟಾಂಗಾ ಹೊಡೆದವರು. ರೈಲ್ವೆ ಸ್ಟೇಷನ್ ಮುಂದೆ ನಿಲ್ಲುತ್ತಿದ್ದರು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಜನ ಎಲ್ಲ ಆಟೋ ಕಡೆ ಹೋದರು. ಕುದುರೆ ಮಾರಿ ಅಪ್ಪ ತರಕಾರಿ ಅಂಗಡಿ ಇಟ್ಟರು. ಆದರೂ ಇವತ್ತಿಗೂ ಟಿವಿಯಲ್ಲಿ ಕುದುರೆ ಬಂದರೆ ಅವರು ಮೊದಲು ನೋಡೋದು ಕಾಲು. ಸವಾರ ರಾಜನೋ ಹೀರೋನೋ, ಅದು ಆಮೇಲೆ.

ಕಥೆ ಇಷ್ಟೇ. ಅಪ್ಪನನ್ನು ಕಳೆದುಕೊಂಡ ಮರಿಯಾ ಅನ್ನೋ ಹುಡುಗಿ ನೆಂಟರ ಹಳೇ ಬಂಗಲೆಗೆ ಬರುತ್ತಾಳೆ. ಆ ಕಣಿವೆಯ ಮೇಲೆ ಶಾಪ ಇದೆ. ಎರಡು ಮನೆತನಗಳ ಜಗಳ, ಕಾಣೆಯಾದ ಮುತ್ತಿನ ಸರ, ನಡುವೆ ಆಗಾಗ ಮಿಂಚಿ ಮಾಯವಾಗುವ ಬಿಳಿ ಕುದುರೆ. ಎಲಿಜಬೆತ್ ಗೌಜ್ ಅನ್ನುವ ಲೇಖಕಿ 1946ರಲ್ಲಿ ಬರೆದ ಮಕ್ಕಳ ಕಾದಂಬರಿಯಿಂದ ಮಾಡಿದ್ದು. ಆ ಪುಸ್ತಕದ ಹೆಸರಿನಲ್ಲೇ ಬಿಳಿ ಕುದುರೆ ಇದೆ. ಸಿನಿಮಾದಲ್ಲಿ ಬಟ್ಟೆಬರೆ, ಬಂಗಲೆ ಎಲ್ಲ ಚೆನ್ನಾಗಿದೆ, ಮಾತು ಸ್ವಲ್ಪ ಜಾಸ್ತಿ. ಜಗಳದ ಭಾಗ ನನಗೆ ಬೇಜಾರೇ ಆಯಿತು.

ಅಪ್ಪನ ತಕರಾರು ಬೇರೆ.

‘ಈ ಕುದುರೆ ಯಾವಾಗ ಮೇಯುತ್ತೆ?’

‘ತಾತ, ಸುಮ್ನಿರು.’

‘ಅಲ್ಲ ಕಣವ್ವ, ಆಗಿಂದ ನೋಡ್ತಿದ್ದೀನಿ. ಹುಲ್ಲಿಲ್ಲ, ನೀರಿಲ್ಲ. ಲದ್ದಿನೂ ಹಾಕಲ್ವಲ್ಲ!’

ಮಗಳಿಗೆ ಸಿಟ್ಟು, ನನಗೆ ನಗು. ಆದರೆ ಅಪ್ಪ ತಮಾಷೆ ಮಾಡುತ್ತಿರಲಿಲ್ಲ. ನಮ್ಮ ರಾಣಿ ಅನ್ನೋ ಹೆಣ್ಣುಕುದುರೆಗೆ ದಿನಾ ಬೆಳಗಿನ ಜಾವ ಬೇಯಿಸಿದ ಹುರುಳಿ ಕಾಳು. ಮನೆಯಲ್ಲಿ ನಮಗೆ ಉಪ್ಪಿಟ್ಟು ಆಗುವ ಮೊದಲು ಅವಳದ್ದು ಆಗಬೇಕು. ಒಂದೂವರೆ ಎರಡು ತಿಂಗಳಿಗೊಮ್ಮೆ ಲಾಳ ಬದಲಾಯಿಸಬೇಕು, ಗೊರಸು ನಮ್ಮ ಉಗುರಿನ ಥರ ಬೆಳೆಯುತ್ತಲೇ ಇರುತ್ತೆ. ಅಪ್ಪ ದಿನಾ ರಾತ್ರಿ ಮಲಗುವ ಮುಂಚೆ ಲದ್ದಿ ನೋಡಿಯೇ ಮಲಗುತ್ತಿದ್ದರು. ಕುದುರೆಗೆ ವಾಂತಿ ಮಾಡಿಕೊಳ್ಳಲು ಬರೋದಿಲ್ಲ. ತಿಂದದ್ದು ಕೆಟ್ಟರೆ ಮೇಲೆ ಬರುವ ದಾರಿ ಇಲ್ಲ, ಹೊಟ್ಟೆ ಹಿಡಿದರೆ ಜೀವಕ್ಕೇ ಕುತ್ತು. ಲದ್ದಿ ಬಿತ್ತು ಅಂದರೆ ನಾಳೆ ದುಡಿಮೆ ಇದೆ ಅಂತ ಅರ್ಥ. ಒಂದು ರಾತ್ರಿ ಬೀಳಲಿಲ್ಲ. ಅಪ್ಪ ಬೆಳಗಾಗುವವರೆಗೂ ಅವಳನ್ನು ಹಿಡಿದುಕೊಂಡು ಬೀದಿಯಲ್ಲಿ ನಡೆಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಸಿನಿಮಾದ ಕೊನೆಯಲ್ಲಿ ಸಮುದ್ರದ ಅಲೆಗಳೇ ಬಿಳಿ ಕುದುರೆಗಳಾಗಿ ಎದ್ದು ಬರುತ್ತವೆ. ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. ಅಪ್ಪನೂ ಅವರೇಕಾಯಿ ಕೆಳಗಿಟ್ಟರು. ‘ಇದು ನಮ್ಮ ಕಥೇನೇ’ ಅಂದರು. ಪಾಲ್ಗಡಲು ಕಡೆದಾಗ ಉಚ್ಚೈಶ್ರವಸ್ಸು ಬಂದಿಲ್ವಾ, ಬೆಳ್ಳಗೆ? ಕದ್ರು ವಿನತೆ ಪಣ ಕಟ್ಟಿದ್ದು ಅದರ ಬಾಲದ ಬಣ್ಣದ ಮೇಲೆ ತಾನೇ?

ಅಲ್ಲಿಂದ ಶುರುವಾಯಿತು. ಅಪ್ಪ ಹುಟ್ಟಿದ್ದು ಮಂಡ್ಯ ಕಡೆ ಹಳ್ಳಿಯಲ್ಲಿ. ಅಲ್ಲಿ ಜೈಮಿನಿ ಭಾರತ ಓದಿಸಿ ಕೇಳುವ ರೂಢಿ ಇತ್ತು. ಧರ್ಮರಾಯನ ಯಾಗದ ಕುದುರೆ ಒಂದು ಕೊಳಕ್ಕಿಳಿದು ಹೆಣ್ಣುಕುದುರೆ ಆಗುತ್ತೆ, ಇನ್ನೊಂದು ಕೊಳಕ್ಕಿಳಿದು ಹುಲಿ ಆಗುತ್ತೆ. ಮುಂದೆ ಅದು ಹೆಂಗಸರೇ ಆಳುವ ರಾಜ್ಯಕ್ಕೆ ಹೋಗುತ್ತೆ. ಅಲ್ಲಿ ಪ್ರಮೀಳೆ ಅದನ್ನು ಹಿಡಿದು ಕಟ್ಟಿಹಾಕುತ್ತಾಳೆ, ಅರ್ಜುನ ಬಂದರೂ ಹೆದರೋದಿಲ್ಲ.

‘ಆ ಸಿನಿಮಾ ಹಾಕಮ್ಮ’ ಅಂದಳು ಮಗಳು. ಎಲ್ಲಿಂದ ತರಲಿ?

ರಾತ್ರಿ ಊಟದ ಹೊತ್ತಿಗೂ ಕುದುರೆ ಮಾತೇ. ಬಿಳಿ ಕುದುರೆ ಹುಟ್ಟುವಾಗಲೇ ಬಿಳಿ ಇರೋದು ಬಲು ಅಪರೂಪವಂತೆ. ಹುಟ್ಟಿದಾಗ ಕಪ್ಪೋ ಕಂದೋ ಇರುತ್ತೆ, ವರ್ಷ ಕಳೆದ ಹಾಗೆ ಕೂದಲು ಬೆಳ್ಳಗಾಗುತ್ತೆ, ಒಳಗೆ ಚರ್ಮ ಮಾತ್ರ ಕಪ್ಪೇ. ‘ಕೂದಲು ಸರಿಸಿ ನೋಡು ಬೇಕಾದ್ರೆ’ ಅಂದರು, ಕುದುರೆ ಅಡುಗೆಮನೆಯಲ್ಲೇ ಕಟ್ಟಿದೆಯೇನೋ ಅನ್ನುವ ಹಾಗೆ. ಮಗಳು ಮರಿಯಾಳ ಕುದುರೆಯ ಪರ ವಾದ ಮುಂದುವರಿಸಿದಳು. ಅಪ್ಪ ಕೊನೆಗೆ ಕೇಳಿದರು: ‘ಹಸಿವೇ ಆಗದ ಕುದುರೆ ನಿನ್ನ ಹತ್ರ ಯಾಕೆ ಬರುತ್ತೆ, ಹೇಳು?’

ಅವಳು ತುತ್ತು ನುಂಗಿ ಹೇಳಿದಳು. ‘ಅದಕ್ಕೇ ತಾತ ಅದು ಮ್ಯಾಜಿಕ್ಕು. ಹುರುಳಿ ಕೊಡದೆ ಇದ್ರೂ ಬರುತ್ತೆ.’

ಅಪ್ಪ ಏನೂ ಹೇಳಲಿಲ್ಲ. ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ನಿನ್ನೆ ಸಂಜೆ ಮೂವರೂ ಅರಮನೆ ಕಡೆ ಹೋದೆವು. ಟೂರಿಸ್ಟುಗಳಿಗೆ ಅಂತ ಈಗಲೂ ಕೆಲವು ಟಾಂಗಾ ಅಲ್ಲಿ ನಿಂತಿರುತ್ತವೆ. ಒಂದು ಬಿಳಿ ಕುದುರೆ ಇತ್ತು, ಸ್ವಲ್ಪ ಬಡಕಲು. ಮಗಳು ನೇರ ಅದರ ಮುಖದ ಮುಂದೆ ನುಗ್ಗಿದಳು. ಅಪ್ಪ ರಟ್ಟೆ ಹಿಡಿದು ನಿಲ್ಲಿಸಿದರು. ಕುದುರೆಯ ಕಣ್ಣು ಇರೋದು ತಲೆಯ ಎರಡು ಪಕ್ಕ. ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತೆ, ಹಣೆಯ ಮುಂದೆ ಮತ್ತು ಬಾಲದ ಹಿಂದೆ ಕಾಣೋದಿಲ್ಲ. ಭುಜದ ಪಕ್ಕದಿಂದ ಮಾತಾಡುತ್ತಾ ಹೋಗಬೇಕು.

‘ಏನು ಮಾತಾಡ್ಲಿ?’

‘ಏನಾದ್ರೂ. ನಿನ್ನ ಹೆಸರು ಹೇಳು.’

ಹೇಳಿದಳು. ಕುದುರೆಯ ಒಂದು ಕಿವಿ ಮಾತ್ರ ಅವಳ ಕಡೆ ತಿರುಗಿತು, ಇನ್ನೊಂದು ರಸ್ತೆಯ ಕಡೆಗೇ ಇತ್ತು. ಟಾಂಗಾದವರನ್ನು ಕೇಳಿ ಕುತ್ತಿಗೆ ಮುಟ್ಟಿದಳು. ಜೂಲಿನ ಕೂದಲು ಸರಿಸಿ ಬಗ್ಗಿ ನೋಡಿದಳು. ‘ಅಮ್ಮ, ನಿಜ, ಕಪ್ಪಗಿದೆ!’

ಅಷ್ಟರಲ್ಲಿ ಕುದುರೆ ಬಾಲ ಎತ್ತಿತು. ಹಿಂದೆ ಸೆಲ್ಫಿ ತೆಗೆಯುತ್ತಿದ್ದವರು ಮೂಗು ಮುಚ್ಚಿಕೊಂಡು ಓಡಿದರು. ಅಪ್ಪ ಮಾತ್ರ ಬಗ್ಗಿ ನೋಡಿ, ಟಾಂಗಾದವರಿಗೆ ‘ಹೊಟ್ಟೆ ಚೆನ್ನಾಗಿದೆ’ ಅಂದರು. ಅವರಿಬ್ಬರೂ ಹುರುಳಿಯ ರೇಟು ಮಾತಾಡಲು ನಿಂತರು. ನಾವು ಮನೆ ಸೇರಿದಾಗ ಒಂಬತ್ತು ಗಂಟೆ.