ಸುರಂಗದ ಬಾಯಲ್ಲಿ ನಿಂತವರು

ಅಪ್ಪ ಕಾಸರಗೋಡಿನ ನಮ್ಮೂರು ಪಡ್ರೆಯ ಸುತ್ತ ನೀರಿಗಾಗಿ ಸುರಂಗ ಕೊರೆಯುತ್ತಿದ್ದರು. ಬಾವಿಯ ಹಾಗೆ ಕೆಳಕ್ಕಲ್ಲ, ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ. ಎರಡು ಎರಡೂವರೆ ಅಡಿ ಅಗಲ, ಆಳೆತ್ತರ. ಮುಂದೆ ಅಪ್ಪನ ಪಿಕ್ಕಾಸು, ಹಿಂದೆ ಮಣ್ಣು ಹೊರುವ ಜೊತೆಗಾರ. ನಾನು ಅವರನ್ನು ಮಾವ ಎಂದೇ ಕರೆಯುತ್ತಿದ್ದೆ. ಮೋಂಬತ್ತಿಯ ಮೇಲೆ ಮಾವನ ಕಣ್ಣು. ಬೆಳಕು ಮಂಕಾದರೆ ಒಳಗೆ ಉಸಿರಿಗೆ ಗಾಳಿ ಸಾಲದು, “ಸಾಕು, ಹೊರಗೆ ಬನ್ನಿ” ಎಂದು ಕೂಗುತ್ತಿದ್ದರು. ಗಟ್ಟಿ ಮುರಕಲ್ಲಾದರೆ ಭಯವಿಲ್ಲ. ಮೆದು ಮಣ್ಣಿನ ಪದರ ಸಿಕ್ಕಿದರೆ ಯಾವಾಗ ಕುಸಿಯುತ್ತದೋ ಹೇಳಲಾಗದು. ಒಮ್ಮೆ ಅಪ್ಪನ ಸೊಂಟದವರೆಗೆ ಮಣ್ಣು ಬಿತ್ತು. ಹಾರೆ ತಾಗೀತೆಂದು ಮಾವ ಬರಿಗೈಯಲ್ಲೇ ತೋಡಿದರು. ಉಗುರೆಲ್ಲ ರಕ್ತ. ಮರುದಿನ ಇಬ್ಬರೂ ಅದೇ ಸುರಂಗಕ್ಕೆ ಹೋದರು, ಅಮ್ಮ ಮಾತ್ರ ಆ ದಿನ ಗಂಜಿ ಮುಟ್ಟಲಿಲ್ಲ.

ಇಷ್ಟು ಕಷ್ಟದಿಂದ ಇಳಿಸಿದ ನೀರು ಯಾವ ಗುಡ್ಡದ್ದೋ, ಅದೇ ಗುಡ್ಡದ ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ನಾವು ಮಕ್ಕಳು ಅದನ್ನು ನೋಡಲು ಅಂಗಳಕ್ಕೆ ಓಡುತ್ತಿದ್ದೆವು. ಇದನ್ನು ಬರೆಯುವಾಗ ಈಗಲೂ ಎದೆ ಹಿಂಡುತ್ತದೆ.

2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಊರಲ್ಲಿ ಇಷ್ಟು ಕಾಯಿಲೆ ಏಕೆಂದು ತಿಳಿಯಲು ಶಾಲಾಮಕ್ಕಳ ರಕ್ತ ಬೇಕಿತ್ತು. ನಾವು ಹೆದರಿ ಹಿಂದೆ ಸರಿದೆವು. ಮೊದಲು ತೋಳು ಚಾಚಿದವನು ಮಾವನ ಮಗ. ಅವನ ಹಿಂದೆ ನಾನು.

ಹುಡುಗರ ಬಗೆಗಿನ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ನಮ್ಮ ಕಡೆಯ 117 ಹುಡುಗರು, ಸಿಂಪಡಣೆಯೇ ಇಲ್ಲದ ಊರಿನ 90 ಹುಡುಗರು. ಎಂಡೋಸಲ್ಫಾನ್ ಗಂಡುಮಕ್ಕಳ ಪ್ರಾಯದ ಬೆಳವಣಿಗೆಯನ್ನು ತಡಮಾಡಬಹುದು, ಹಾರ್ಮೋನುಗಳನ್ನು ಏರುಪೇರು ಮಾಡಬಹುದು ಎಂದು ಅದು ಹೇಳಿತು. ತಾಯಂದಿರು ವರ್ಷಗಟ್ಟಲೆ ಹೇಳಿದ್ದಕ್ಕೆ ಒಂದು ಆಧಾರ ಸಿಕ್ಕಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಯಿತು.

ನನ್ನನ್ನು ಹೆಚ್ಚು ಕಾಡುವುದು ಆ 90 ಮಂದಿ. ಅವರ ಗುಡ್ಡದ ಮೇಲೆ ವಿಷ ಬಿದ್ದಿರಲಿಲ್ಲ, ಸೂಜಿ ಚುಚ್ಚಿಸಿಕೊಳ್ಳಬೇಕಾದ ಅಗತ್ಯವೂ ಇರಲಿಲ್ಲ. ಅವರ ರಕ್ತವಿಲ್ಲದಿದ್ದರೆ ನಮ್ಮದನ್ನು ಯಾವುದರೊಡನೆ ಹೋಲಿಸುತ್ತಿದ್ದರು? ಅವರಲ್ಲಿ ಯಾರಾದರೂ ಈ ಸಂಚಿಕೆ ಓದಿದರೆ ಒಮ್ಮೆ ನಮ್ಮ ಮನೆಗೆ ಬನ್ನಿ. ಮಾವನ ಮಗನೂ ಪಕ್ಕದಲ್ಲೇ ಇದ್ದಾನೆ.